ಬಣ್ಣದ ಕೋಣೆಗೆ ಎಷ್ಟು ದಾರಿ!

ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವಯಸ್ಸು ಬಲು ವಿಚಿತ್ರವಾದದ್ದು. ಆ ವಯಸ್ಸಿನವರು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ ಬಾಚಣಿಗೆಗಿಂತ ಕಲ್ಪನೆಯೇ ಹೆಚ್ಚು ಕೆಲಸ ಮಾಡುತ್ತಿರುತ್ತದೆ. ಕನ್ನಡಿಯೊಳಗಿನ ಮುಖಕ್ಕೆ ಒಂದಿಷ್ಟು ದೀಪದ ಬೆಳಕು, ಹಿನ್ನೆಲೆಗೆ ಒಂದಿಷ್ಟು ಸಂಗೀತ, ಎದುರಿಗೆ ಒಂದು ಕ್ಯಾಮೆರಾ — ಇಷ್ಟು ದೊರೆತರೆ ಸಾಕು, ಲೋಕವೆಲ್ಲ ತನ್ನತ್ತ ತಿರುಗೀತು ಎಂಬ ನಂಬಿಕೆ. ಈ ಆಸೆಯನ್ನು ಕಂಡು ಹಾಸ್ಯ ಮಾಡುವುದು ಸುಲಭ. ಆದರೆ ಒಮ್ಮೆಯಾದರೂ ಹಾಗೆ ಕನ್ನಡಿಯ ಮುಂದೆ ನಿಲ್ಲದೆ ಆ ವಯಸ್ಸನ್ನು ದಾಟಿ ಬಂದವರು ಯಾರಿದ್ದಾರೆ?

ಹಿಂದಿನ ಕಾಲದಲ್ಲಿ ಈ ಆಸೆ ಹತ್ತಿದವರು ರಾತ್ರೋರಾತ್ರಿ ಮನೆ ಬಿಟ್ಟು ನಾಟಕದ ಕಂಪನಿಯ ಬೆನ್ನು ಹತ್ತುತ್ತಿದ್ದರು. ಅಲ್ಲಿ ಪರದೆ ಎಳೆದು, ಹಿರಿಯ ನಟರ ಬೈಗುಳ ತಿಂದು, ವರ್ಷಗಳು ಉರುಳಿದ ಮೇಲೆ ಒಂದು ದ್ವಾರಪಾಲಕನ ವೇಷ ದೊರೆತರೆ ಅದೇ ಭಾಗ್ಯ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದಾಗ ನೋಡಿದವರಿಗೆ ಹೊಸ ಮುಖವೆನಿಸಿರಬಹುದು, ಆ ಮುಖದ ಹಿಂದೆ ಹಳೆಯ ದುಡಿಮೆಯಿತ್ತು. ಇಂದಿನ ಹುಡುಗರಿಗೆ ಮನೆ ಬಿಟ್ಟು ಓಡುವ ತೊಂದರೆಯಿಲ್ಲ. ಕಂಪನಿಗಳೂ ಆ ಮೊದಲಿನ ಬಲದಲ್ಲಿ ಉಳಿದಿಲ್ಲ. ಅವರ ಕಣ್ಣೆಲ್ಲ ಧಾರಾವಾಹಿಗಳ ಮೇಲೆ.

ಧಾರಾವಾಹಿಗಳಲ್ಲಿಯೂ ಕಾಲೇಜಿನ ಕಥೆಯುಳ್ಳದ್ದೆಂದರೆ ಅವರಿಗೆ ವಿಶೇಷವಾದ ಮೋಹ. ಅದಕ್ಕೆ ಕಾರಣವೂ ಸ್ಪಷ್ಟ. ಪೌರಾಣಿಕಕ್ಕೆ ಕಿರೀಟ ಹೊರುವ ಕುತ್ತಿಗೆ ಬೇಕು. ಐತಿಹಾಸಿಕಕ್ಕೆ ಕತ್ತಿ ಹಿಡಿಯುವ ತೋಳು ಬೇಕು. ಕಾಲೇಜಿನ ಹುಡುಗನ ಪಾತ್ರಕ್ಕೆ ಏನು ಬೇಕು? ತಾನು ಇರುವ ಹಾಗೆಯೇ ಇದ್ದರೆ ಸಾಕಲ್ಲ! ಕನ್ನಡದ ಅಧ್ಯಾಪಕನಾಗಿ ನಾನು ಕೇಳಿದ ಪ್ರಶ್ನೆಗಳಲ್ಲಿ ಹಳಗನ್ನಡದ ಪ್ರಾಸಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯೇ ಬಂದಿದೆ: “ಸಾರ್, ಅಲ್ಲಿಗೆ ಹೋಗುವ ದಾರಿ ಯಾವುದು?” ಈ ಪ್ರಶ್ನೆಗೆ ಉತ್ತರ ಕೊಡಬೇಕಾದಾಗಲೆಲ್ಲ ನನಗೆ ನೆನಪಾಗುವುದು ಒಂದು ಹಿಂದಿ ಧಾರಾವಾಹಿ.

ಅದರ ಹೆಸರು ‘ಬನೇಗಿ ಅಪ್ನಿ ಬಾತ್’. ಬಾತ್ ಎಂದೊಡನೆ ನಮ್ಮವರಿಗೆ ಬಿಸಿಬೇಳೆಯ ನೆನಪಾಗುವುದು ಸಹಜ. ಇದು ಆ ಭಾತಲ್ಲ. ‘ನಮ್ಮ ಕೆಲಸವೂ ಕೈಗೂಡೀತು’ ಎಂಬುದು ಹೆಸರಿನ ಭಾವ. 1992ರ ಅಕ್ಟೋಬರ್ 2ರಂದು ಝೀ ಟಿವಿ ಆರಂಭವಾಯಿತು. ಮರುವರ್ಷ, 1993ರಲ್ಲಿ, ಟೋನಿ ಮತ್ತು ದಿಯಾ ಸಿಂಗ್ ದಂಪತಿಗಳು ನಿರ್ಮಿಸಿದ ಈ ಕಾಲೇಜು ಜೀವನದ ಕಥೆ ಅಲ್ಲಿ ಮೊದಲಾಗಿ, 1997ರವರೆಗೆ ನಡೆಯಿತು. ಅದುವರೆಗೆ ದೇಶಕ್ಕೆಲ್ಲ ದೂರದರ್ಶನವೊಂದೇ ಗತಿಯಾಗಿತ್ತು. ಉಪಗ್ರಹದಿಂದ ಇಳಿದು ಕೇಬಲ್ಲಿನ ತಂತಿಯಲ್ಲಿ ಹರಿದು ಬಂದ ಹೊಸ ವಾಹಿನಿಗೆ ಹೊಸ ಕಥೆಗಳ ಹಸಿವು. ಕಥೆಗಳಿಗೆ ಹೊಸ ಮುಖಗಳ ಹಸಿವು. ಚಲನಚಿತ್ರದ ತಾರೆಯರು ಕಿರುತೆರೆಯತ್ತ ಕಣ್ಣೆತ್ತಿ ನೋಡದಿದ್ದ ಕಾಲ ಅದು. ಹಾಗಾದರೆ ಬಂದವರು ಯಾರು? ಎಲ್ಲಿಂದ ಬಂದರು?

ಮೊದಲು ಇರ್ಫಾನ್ ಖಾನರ ದಾರಿಯನ್ನು ನೋಡೋಣ. ರಾಜಸ್ಥಾನದ ಟೋಂಕಿನ ಮನೆತನದ, ಜೈಪುರದಲ್ಲಿ ಬೆಳೆದ ಹುಡುಗ. ಮನೆಯವರದು ಟೈರಿನ ವ್ಯಾಪಾರ. ಆತ ಮೊದಲು ಹಿಡಿದದ್ದು ಕ್ರಿಕೆಟ್ಟಿನ ದಾರಿ. ಸಿ. ಕೆ. ನಾಯ್ಡು ಪಂದ್ಯಾವಳಿಗೆ ಆಯ್ಕೆಯೂ ಆಯಿತು. ಆದರೆ ಪ್ರಯಾಣದ ವೆಚ್ಚಕ್ಕೆ ಹಣ ಹೊಂದದೆ ಹೋಗಲಾಗಲಿಲ್ಲ. ಒಂದು ರೈಲಿನ ಟಿಕೆಟ್ಟಿನ ಬೆಲೆಯಲ್ಲಿ ಒಬ್ಬನ ಜೀವನ ತಿರುಗಿಬಿಡುತ್ತದೆಂದರೆ ನಂಬುವುದು ಕಷ್ಟ. 1984ರಲ್ಲಿ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿದರು. ನಮ್ಮ ಬಿ. ವಿ. ಕಾರಂತರು 1977ರಿಂದ 1981ರವರೆಗೆ ನಿರ್ದೇಶಕರಾಗಿದ್ದ ಶಾಲೆ ಅದು. ಅಲ್ಲಿರುವಾಗಲೇ ಮೀರಾ ನಾಯರ್ ಅವರ ಕಣ್ಣಿಗೆ ಬಿದ್ದು, ‘ಸಲಾಂ ಬಾಂಬೆ!’ ಚಿತ್ರದಲ್ಲಿ ದೊಡ್ಡ ಪಾತ್ರವೊಂದು ಕೈಗೆ ಬಂದಿತು. ತಯಾರಿಯೂ ನಡೆಯಿತು. ಕೊನೆಗೆ ಆ ಪಾತ್ರ ಕೈತಪ್ಪಿ, 1988ರಲ್ಲಿ ಚಿತ್ರ ತೆರೆ ಕಂಡಾಗ ಉಳಿದದ್ದು ಬೀದಿ ಬದಿಯಲ್ಲಿ ಕುಳಿತು ಕಾಗದ ಬರೆದುಕೊಡುವವನ ಒಂದೆರಡು ನಿಮಿಷದ ಪಾತ್ರ. ಕ್ರಿಕೆಟ್ಟು ಹೋಯಿತು, ಚಿತ್ರವೂ ಹೋದಂತಾಯಿತು. ಬಳಿಕ ‘ಭಾರತ್ ಏಕ್ ಖೋಜ್’, ‘ಚಾಣಕ್ಯ’ಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡಿಕೊಂಡು ಅವರು ‘ಬನೇಗಿ ಅಪ್ನಿ ಬಾತ್’ಗೆ ಬಂದರು. ನಾಟಕ ಶಾಲೆಯಲ್ಲಿ ಅವರ ಸಹಪಾಠಿಯಾಗಿದ್ದು, 1995ರಲ್ಲಿ ಅವರ ಮಡದಿಯಾದ ಸುತಪಾ ಸಿಕ್ದರ್ ಆ ಧಾರಾವಾಹಿಗೆ ಬರೆಯುತ್ತಿದ್ದವರು.

ಎರಡನೆಯದು ಮಾಧವನ್ನರ ದಾರಿ. ಜಮ್ಷೆಡ್‌ಪುರದ ತಮಿಳು ಮನೆತನ. ತಂದೆ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ, ತಾಯಿ ಬ್ಯಾಂಕಿನಲ್ಲಿ. ಮಗ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಓದಿದ. ನಡುವೆ 1988ರಲ್ಲಿ ವಿದ್ಯಾರ್ಥಿ ವಿನಿಮಯದ ಮೇಲೆ ಕೆನಡಾದ ಸ್ಟೆಟ್ಲರ್ ಎಂಬ ಊರಿನಲ್ಲಿ ಒಂದು ವರ್ಷ ಇದ್ದು ಬಂದದ್ದಾಯಿತು. ಎನ್.ಸಿ.ಸಿ.ಯಲ್ಲಿ ಮಹಾರಾಷ್ಟ್ರದ ಮುಂಚೂಣಿಯ ಕೆಡೆಟ್ ಎನಿಸಿ, ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸೇನೆಯ ತರಬೇತಿಯನ್ನೂ ಕಂಡು ಬಂದರು. ಸೈನ್ಯ ಸೇರಬೇಕೆಂಬ ಮನಸ್ಸಿತ್ತು. ಆರು ತಿಂಗಳ ವಯಸ್ಸು ಮೀರಿತ್ತು, ಬಾಗಿಲು ಮುಚ್ಚಿತು. ಆಗ ಅವರು ಮಾಡಿದ್ದೇನು ಗೊತ್ತೆ? ಕೊಲ್ಹಾಪುರದಲ್ಲಿ ಹುಡುಗರಿಗೆ ಸಭೆಯಲ್ಲಿ ಮಾತನಾಡುವ ಕಲೆಯನ್ನು ಹೇಳಿಕೊಡತೊಡಗಿದರು. ಮುಂದೆ ಮುಂಬಯಿಯ ಕಿಶಿನ್‌ಚಂದ್ ಚೆಲ್ಲಾರಾಮ್ ಕಾಲೇಜಿನಲ್ಲಿ ಅದೇ ವಿಷಯದಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ಸೇರಿದರು. ಪಾಠ ಹೇಳುವ ಕಸುಬಿನವನಾದ ನನಗೆ ಈ ಸಂಗತಿ ಒಂದಿಷ್ಟು ಹೆಮ್ಮೆಯನ್ನು ಕೊಡುತ್ತದೆಂಬುದನ್ನು ಮುಚ್ಚಿಡಲಾರೆ. ಕೋಣೆ ತುಂಬ ಕುಳಿತವರ ಕಣ್ಣು ಒಂದು ಕ್ಷಣವೂ ಅತ್ತಿತ್ತ ಚಲಿಸದಂತೆ ಮಾತನಾಡುವುದು ನಟನೆಯ ಅರ್ಧ ವಿದ್ಯೆ. ಮುಂಬಯಿಯಿಂದ ಅವರು ಕಿರುತೆರೆಗೆ ಬಂದರು. ‘ಬನೇಗಿ ಅಪ್ನಿ ಬಾತ್’ನಲ್ಲಿ ಕಾಣಿಸಿಕೊಂಡರು.

ಅಲ್ಲಿಂದಾಚೆಗೂ ದಾರಿ ಸಮವಾಗಿರಲಿಲ್ಲ. ಮಣಿರತ್ನಂ ಅವರ ‘ಇರುವರ್’ ಚಿತ್ರಕ್ಕೆ ಪರೀಕ್ಷೆ ಕೊಟ್ಟರು. ಪಾತ್ರಕ್ಕೆ ಬೇಕಾದ ಪ್ರೌಢತೆ ಕಣ್ಣುಗಳಲ್ಲಿಲ್ಲವೆಂದು ಅವರನ್ನು ಬಿಟ್ಟರು. ಸೈನ್ಯಕ್ಕೆ ವಯಸ್ಸು ಹೆಚ್ಚು, ಸಿನಿಮಾಕ್ಕೆ ವಯಸ್ಸು ಕಡಮೆ! ಅನಂತರ, 1998ರಲ್ಲಿ, ಅವರು ನಟಿಸಿದ ದಕ್ಷಿಣದ ಮೊದಲ ಚಿತ್ರ ಬಂದದ್ದು ನಮ್ಮ ಕನ್ನಡದಲ್ಲಿ: ‘ಶಾಂತಿ ಶಾಂತಿ ಶಾಂತಿ’. ಆ ಚಿತ್ರವನ್ನು ಇಂದು ನೆನೆಯುವವರು ಕಡಮೆ. ಅದೇ ಮಣಿರತ್ನಂ ಅವರನ್ನು ‘ಅಲೈಪಾಯುದೇ’ ಚಿತ್ರದ ನಾಯಕನನ್ನಾಗಿ ಮಾಡಿದ್ದು 2000ದಲ್ಲಿ.

ಇವರಿಬ್ಬರೇ ಅಲ್ಲ. ಋತುರಾಜ್ ಸಿಂಗ್ ದೆಹಲಿಯಲ್ಲಿ ಬ್ಯಾರಿ ಜಾನ್ ಅವರ ನಾಟಕ ತಂಡದಲ್ಲಿ ಪಳಗಿದವರು. ಅದೇ ತಂಡದಲ್ಲಿ ಶಾರುಖ್ ಖಾನ್ ಅವರ ಜೊತೆಗಾರ. ದಿವ್ಯಾ ಸೇಠ್ ನಟಿ ಸುಷ್ಮಾ ಸೇಠ್ ಅವರ ಮಗಳು. 1984ರ ‘ಹಮ್ ಲೋಗ್’ನಲ್ಲಿಯೇ ತಾಯಿ ಮಗಳಿಬ್ಬರೂ ನಟಿಸಿದ್ದರು. ವರುಣ್ ಬಡೋಲಾ ಪತ್ರಕರ್ತರೂ ರಂಗನಟರೂ ಆದ ವಿಶ್ವಮೋಹನ ಬಡೋಲಾರ ಮಗ. ಶೆಫಾಲಿ ಶಾ ಬಂದದ್ದು ಗುಜರಾತಿ ರಂಗಭೂಮಿಯಿಂದ. ಅಚಿಂತ್ ಕೌರ್ ಮೀರತ್ತಿನಿಂದ. ಈ ಕಿರಿಯರ ನಡುವೆ ರಾಷ್ಟ್ರೀಯ ನಾಟಕ ಶಾಲೆಯ ಹಳೆಯ ವಿದ್ಯಾರ್ಥಿನಿ, ‘ತಮಸ್’ನ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ಸುರೇಖಾ ಸಿಕ್ರಿ ಇದ್ದರು. ಅಂಥವರ ಎದುರಿಗೆ ನಿಂತು ಮಾತು ಒಪ್ಪಿಸುವುದೇ ಒಂದು ಪಾಠಶಾಲೆಯಾಗಿದ್ದೀತು.

ಈ ದಾರಿಗಳನ್ನೆಲ್ಲ ಒಂದು ಹಾಳೆಯ ಮೇಲೆ ಗೆರೆ ಎಳೆದು ನೋಡಿದರೆ ಒಂದಕ್ಕೊಂದು ಹೋಲುವುದಿಲ್ಲ. ಒಬ್ಬರಿಗೆ ಶಾಲೆ, ಒಬ್ಬರಿಗೆ ಮನೆಯ ಸಂಸ್ಕಾರ, ಒಬ್ಬರಿಗೆ ನಾಟಕದ ತಂಡ, ಮತ್ತೊಬ್ಬರಿಗೆ ಮಾತಿನ ತರಗತಿ. ಆದರೆ ಒಂದು ಅಂಶ ಕಣ್ಣಿಗೆ ಹೊಡೆಯುತ್ತದೆ. ಇವರಲ್ಲಿ ಬಹುಮಂದಿ ಕ್ಯಾಮೆರಾದ ಮುಂದೆ ನಿಲ್ಲುವುದಕ್ಕೆ ಮೊದಲೇ ಬೇರೊಂದು ಕಡೆ ಬೆವರು ಸುರಿಸಿದ್ದರು. ತಾನು ಇರುವ ಹಾಗೆಯೇ ಇರುವುದಕ್ಕೂ ಅಭ್ಯಾಸ ಬೇಕು. ನಾಲ್ಕು ಜನ ನೋಡುತ್ತಿರುವಾಗ ಸಹಜವಾಗಿ ಒಂದು ಲೋಟ ನೀರು ಕುಡಿದು ತೋರಿಸಿರೆಂದರೆ ನಮ್ಮಲ್ಲಿ ಎಷ್ಟು ಮಂದಿಯ ಕೈ ನಡುಗದು?

ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬ ಸಂಜೆ ತರಗತಿ ಮುಗಿದ ಮೇಲೆ ಉಳಿದುಕೊಂಡ. ವಾರ್ಷಿಕೋತ್ಸವದ ನಾಟಕದಲ್ಲಿ ಕರ್ಣನ ಪಾತ್ರ ಮಾಡಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ್ದ ಹುಡುಗ. ಬೆಂಗಳೂರಿನಲ್ಲಿ ಯಾವುದೋ ತರಬೇತಿಯ ಸಂಸ್ಥೆ. 80,000 ರೂಪಾಯಿ ಶುಲ್ಕ. ಮೂರು ತಿಂಗಳಲ್ಲಿ ಧಾರಾವಾಹಿಯಲ್ಲಿ ಅವಕಾಶ ಖಂಡಿತವೆಂದು ಮಾತು ಕೊಟ್ಟಿದ್ದರಂತೆ. ತಾಯಿ ಹೊಲಿಗೆ ಯಂತ್ರ ತುಳಿದು ಮಗನನ್ನು ಓದಿಸುತ್ತಿದ್ದವರು. ಕತ್ತಿನ ಸರವನ್ನು ಅಡವಿಡಲು ಆಕೆ ಒಪ್ಪಿದ್ದಾರೆಂದು ಹೇಳುವಾಗ ಅವನ ದೃಷ್ಟಿ ನೆಲದ ಮೇಲಿತ್ತು. ಪದವಿಯ ಪರೀಕ್ಷೆಗೆ ಇನ್ನೂ ಒಂದು ವರ್ಷವಿತ್ತು. ಅದನ್ನು ಬಿಟ್ಟು ಹೊರಡುವುದೆಂದು ಅವನ ನಿಶ್ಚಯ. ನಾನು ಮೇಲಿನ ಕಥೆಗಳನ್ನೆಲ್ಲ ಅವನಿಗೆ ಹೇಳಿದೆ. ಇವುಗಳಲ್ಲಿ ಯಾವುದರಲ್ಲಿಯೂ ‘ಮೂರು ತಿಂಗಳು’ ಎಂಬ ಮಾತು ಬರುವುದಿಲ್ಲವೆಂದೆ.

ಅವನು ಸುಮ್ಮನೆ ಕೇಳಿದ. ಕೊನೆಗೆ, “ಸಾರ್, ನೀವು ಹೇಳಿದವರೆಲ್ಲ ಗೆದ್ದವರು. ಇವರ ಹಾಗೆಯೇ ನಾಟಕ ಮಾಡಿ, ಇವರ ಹಾಗೆಯೇ ಕಾದು, ಏನೂ ಸಿಕ್ಕದೆ ಹೋದವರ ಹೆಸರು ಯಾರಿಗೆ ಗೊತ್ತು? ಎಷ್ಟು ಕಾದರೂ ಸೋಲುವುದೇ ಆದರೆ ಬೇಗ ಸೋತರೇನು?” ಎಂದ.

ಹುಡುಗನ ಮಾತಿನಲ್ಲಿ ಸತ್ಯವಿತ್ತು. ಗೆದ್ದವರ ಚರಿತ್ರೆಯನ್ನು ಸೋಲುವ ಭಯವಿರುವವನ ಕೈಗೆ ಊರುಗೋಲಾಗಿ ಕೊಡುವುದು ನಮ್ಮಂಥ ಮೇಷ್ಟರುಗಳ ಹಳೆಯ ಅಭ್ಯಾಸ. ಆದರೆ ಅವನ ಪ್ರಶ್ನೆಯಿಂದಲೇ ನನಗೂ ಒಂದು ವಿಷಯ ತಿಳಿಯಾಯಿತು. ಊರು ತಲುಪುವುದು ನಮ್ಮ ಕೈಯಲ್ಲಿಲ್ಲದಿದ್ದರೆ, ತಲುಪದೆ ಹೋದರೂ ಬರಿಗೈ ಮಾಡದ ದಾರಿಯನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮಾಧವನ್ನರಿಗೆ ಯಾವ ಪಾತ್ರವೂ ಸಿಕ್ಕದಿದ್ದರೆ ಮಾತಿನ ವಿದ್ಯೆ ಅವರ ಜೊತೆಗೆ ಉಳಿಯುತ್ತಿತ್ತು. ಅದರಿಂದ ಗೌರವವಾಗಿ ಬಾಳಬಹುದಾಗಿತ್ತು. ನಾಟಕ ಶಾಲೆಯಲ್ಲಿ ಕಲಿತದ್ದನ್ನು ‘ಸಲಾಂ ಬಾಂಬೆ!’ಯ ನಿರಾಶೆ ಇರ್ಫಾನರಿಂದ ಕಸಿದುಕೊಳ್ಳಲಿಲ್ಲ. ಆದರೆ ಅಡವಿಟ್ಟ ಸರ? ಮೂರು ತಿಂಗಳ ಮೇಲೆ ಅದರ ಬಡ್ಡಿಯೊಂದೇ ಉಳಿಯುತ್ತದೆ. ಇಷ್ಟನ್ನು ಅವನಿಗೆ ಹೇಳಿದೆ. ನಮ್ಮ ಊರಿನಲ್ಲಿಯೇ ಶನಿವಾರ, ಭಾನುವಾರ ನಾಟಕದ ಅಭ್ಯಾಸ ನಡೆಸುವ ಹವ್ಯಾಸಿ ತಂಡವೊಂದಿದೆ. ಅವರ ಬಳಿಗೆ ಹೋಗಲು ಸೂಚಿಸಿದೆ. ಅವನು ಹಣ ಕಟ್ಟಲಿಲ್ಲ. ಈಗ ಪರೀಕ್ಷೆಗೆ ಓದುತ್ತಿದ್ದಾನೆ. ವಾರಕ್ಕೆರಡು ದಿನ ಅಭ್ಯಾಸಕ್ಕೂ ಹೋಗುತ್ತಾನೆ. ಕಿರುತೆರೆಯಲ್ಲಿ ಅವನ ಮುಖ ಇನ್ನೂ ಬಂದಿಲ್ಲ. ಬಂದೇ ಬರುತ್ತದೆಂದು ಹೇಳುವ ಧೈರ್ಯ ನನಗಿಲ್ಲ.

‘ಬನೇಗಿ ಅಪ್ನಿ ಬಾತ್’ನ ಬಳಗದಲ್ಲಿ ಕೆಲವರು ಇಂದು ಇಲ್ಲ. ಇರ್ಫಾನ್ 2020ರ ಏಪ್ರಿಲ್ 29ರಂದು ತೀರಿಕೊಂಡರು. ಸುರೇಖಾ ಸಿಕ್ರಿ 2021ರಲ್ಲಿ. ಋತುರಾಜ್ ಸಿಂಗ್ 2024ರಲ್ಲಿ. ಅವರ ಹೆಸರುಗಳು ಕೇಳಿದಾಗ ಜನ ನೆನೆಯುವುದು ಆ ಹಳೆಯ ಧಾರಾವಾಹಿಯನ್ನಲ್ಲ. ಅದು ಮನೆಯಲ್ಲ, ದಾರಿಯ ನಡುವಣ ಒಂದು ಛತ್ರ. ಅಲ್ಲಿ ಒಂದಿಷ್ಟು ಅನ್ನ, ಒಂದಿಷ್ಟು ಸಂಬಳ, ತಪ್ಪು ಮಾಡಿ ತಿದ್ದಿಕೊಳ್ಳಲು ಒಂದಿಷ್ಟು ಅವಕಾಶ ದೊರೆಯಿತು. ಉಂಡವರು ಎದ್ದು ಮುಂದಕ್ಕೆ ನಡೆದರು.

ಕಾಲೇಜು ಮಾತ್ರ ಅವರನ್ನು ಬಿಡಲಿಲ್ಲ. 2003ರಲ್ಲಿ ಬಂದ ‘ಹಾಸಿಲ್’ ಚಿತ್ರದಲ್ಲಿ ಇರ್ಫಾನ್ ಅಲಹಾಬಾದಿನ ವಿದ್ಯಾರ್ಥಿ ನಾಯಕನಾದರು. ಆಗ ಅವರಿಗೆ 36 ವರ್ಷ. ಜನ ಅವರನ್ನು ಗುರುತಿಸಿದ ಮೊದಲ ದೊಡ್ಡ ಪಾತ್ರಗಳಲ್ಲಿ ಅದೊಂದು. 2009ರ ‘3 ಈಡಿಯಟ್ಸ್’ನಲ್ಲಿ ಮಾಧವನ್ ಇಂಜಿನಿಯರಿಂಗ್ ವಿದ್ಯಾರ್ಥಿಯಾದರು; ಅವರಿಗೆ 39. ತನಗೆ ಇಂಜಿನಿಯರಿಂಗ್ ಬೇಡ, ಕಾಡಿನ ಪ್ರಾಣಿಗಳ ಚಿತ್ರ ತೆಗೆಯುವೆನೆಂದು ತಂದೆಯ ಮುಂದೆ ನಿಂತು ಹೇಳುವ ಹುಡುಗನ ಪಾತ್ರ ಅದು. ಇಪ್ಪತ್ತರ ಹುಡುಗ ಕನ್ನಡಿಯ ಮುಂದೆ ನಿಂತು ಈಗಲೇ ಬೇಕೆಂದು ಹಂಬಲಿಸುವ ವಿದ್ಯಾರ್ಥಿಯ ವೇಷ ಅವರಿಗೆ ಚೆನ್ನಾಗಿ ಒಪ್ಪಿದ್ದು ನಲವತ್ತರ ಹೊಸ್ತಿಲಲ್ಲಿ.