ಎರಡು ಬೆಟ್ಟು ತಗ್ಗಿದ ಕಾರು

ನಮ್ಮ ದೊಡ್ಡ ಮಗ ಮೂರು ವರ್ಷ ದುಡ್ಡು ಕೂಡಾಕಿ ಒಂದು ಹಳೇ ಪೋಲೊ ಜಿಟಿ ಕಾರು ತಗಂಡ. ಕೆಂಪು ಬಣ್ಣದ್ದು. 2022ರಲ್ಲಿ ಕಂಪನಿಯವರು ಇಲ್ಲಿ ಆ ಕಾರು ಮಾಡೋದನ್ನೇ ನಿಲ್ಲಿಸಿದ್ರಂತೆ, ಅದಕ್ಕೇ ಹುಡುಗರಿಗೆ ಅದರ ಮೇಲೆ ಅಷ್ಟು ಆಸೆ. ನನ್ನ ಕಣ್ಣಿಗೆ ಪಕ್ಕದ ಮನೆ ಕಾರಿನಂಗೇ ಕಾಣ್ತದೆ, ಅವನ ಬಾಯಲ್ಲಿ ಮಾತ್ರ ಅದು ಸ್ಪೋರ್ಟ್ಸ್ ಕಾರ್. ಇರ್ಲಿ ಬುಡು ಅಂದ್ಕಂಡೆ. ನಾವು ಸೀರೆಗೆ ಕುಚ್ಚು ಕಟ್ಟಿಸಲ್ವಾ, ಹಂಗೆ ಅವನಿಗೂ ಒಂದು ಆಸೆ.

ಒಂದು ಭಾನುವಾರ ಮೈಸೂರಿಂದ ಹುಲ್ಲಹಳ್ಳಿಗೆ ಬಂದಾಗ ಕಾರು ಕುಕ್ಕರಗಾಲಲ್ಲಿ ಕೂತಂಗೆ ಕಾಣ್ತು. "ಯಾಕ್ಲಾ ಮಗ, ಗಾಳಿ ಹೋಗದಾ?" ಅಂದೆ. ನಕ್ಕುಬುಟ್ಟ. "ಇಲ್ಲ ಕಣವ್ವ, ಸ್ಪ್ರಿಂಗ್ ಬದಲಾಯಿಸಿವ್ನಿ. 35 ಎಂಎಂ ತಗ್ಗದೆ." ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಇಟ್ಟು ತೋರಿಸ್ದ. 35 ಎಂಎಂ ಅಂದ್ರೆ ಹೆಚ್ಚುಕಮ್ಮಿ ನಮ್ಮ ಎರಡು ಬೆಟ್ಟಿನ ಅಗಲ.

ಯಾಕೆ ತಗ್ಗಿಸ್ತಾರೆ ಅಂತ ನನಗೆ ಅರ್ಥ ಮಾಡಿಸಿದ್ದು ನಮ್ಮನೆಯವ್ರು. ನೆಲ್ಲುಹುಲ್ಲು ಎತ್ತರಕ್ಕೆ ಹೇರಿದ ಗಾಡಿ ತಿರುವಲ್ಲಿ ಓಲಾಡ್ತದೆ, ಗೊಬ್ಬರ ಹೇರಿದ ಗಾಡಿ ಓಲಾಡಕಿಲ್ಲ. ಭಾರ ನೆಲಕ್ಕೆ ಹತ್ರ ಇದ್ದಷ್ಟೂ ಗಾಡಿ ಭದ್ರ. ಇದೂ ಅದೇ. ಆದ್ರೆ ಸ್ಪ್ರಿಂಗು ಗಿಡ್ಡ ಆದ್ರೆ ಅದುಮಕ್ಕೆ ಜಾಗ ಕಮ್ಮಿ, ಅದಕ್ಕೇ ಅದನ್ನ ಬಿರುಸಾಗಿ ಮಾಡಿರ್ತಾರೆ. ಹಾಸಿಗೆ ತೆಗೆದು ಚಾಪೆ ಹಾಸ್ದಂಗೆ. ಅದನ್ನ ಹಾಕೋದು ಮನೇಲಿ ಮಾಡೋ ಕೆಲಸ ಅಲ್ವಂತೆ. ಸ್ಪ್ರಿಂಗನ್ನ ಒಂದು ಸಾಧನದಲ್ಲಿ ಅದುಮಿ ಹಿಡ್ಕಬೇಕು, ಜಾರಿದ್ರೆ ಮುಖಕ್ಕೇ ಸಿಡೀತದೆ. ಆಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸ್ಬೇಕು, ಇಲ್ದಿದ್ರೆ ಟೈರು ಒಂದೇ ಕಡೆ ಸವೀತದೆ. ಅವೆರಡನ್ನೂ ಗ್ಯಾರೇಜಲ್ಲೇ ಮಾಡಿಸ್ಕಂಡು ಬಂದಿದ್ದ.

ಸ್ಪೇಸರ್ ಹಾಕಿದ್ದು ಮಾತ್ರ ನಮ್ಮನೆ ಅಂಗಳದಲ್ಲಿ. ಸ್ಪೇಸರ್ ಅಂದ್ರೆ ಅಲ್ಯೂಮಿನಿಯಂ ಬಿಲ್ಲೆ, ನಡುವೆ ಒಂದು ದೊಡ್ಡ ತೂತು, ಸುತ್ತ ಬೋಲ್ಟಿಗೆ ತೂತು. ಚಕ್ರಕ್ಕೂ ಹಬ್ಬಿಗೂ ಮಧ್ಯ ಅದನ್ನಿಟ್ರೆ ಚಕ್ರ ಅಷ್ಟು ಆಚೆಗೆ ಬತ್ತದೆ. ಇವನು ತಂದಿದ್ದು 15 ಎಂಎಂ ದಪ್ಪದ್ದು, ಎರಡೂ ಕಡೆ ಸೇರಿ 30. ಕಾಲು ಅಗಲಿಸಿ ನಿಂತಂಗೆ.

ನಮ್ಮನೆಯವ್ರು ಕಾರು ತಗಂಡ ದಿನದಿಂದ "ದುಡ್ಡು ದಂಡ" ಅಂತ ಮಗನ ಹತ್ರ ಮಾತೇ ಕಮ್ಮಿ ಮಾಡಿದ್ರು. ಅವತ್ತು ಜಗಲಿ ಮೇಲಿಂದ ನೋಡೀ ನೋಡೀ ತಡೀಲಾರ್ದೆ ಇಳಿದು ಬಂದು ಪಕ್ಕದಲ್ಲಿ ಕುಕ್ಕರಿಸಿದ್ರು. ಬಿಲ್ಲೆ ಕೂರಿಸಿ ಅಲ್ಲಾಡಿಸ್ದಾಗ ಲೊಡಗುಟ್ಟಿತು. "ಇದು ಆಡ್ತದೆ ಕಣ್ಲಾ" ಅಂದ್ರು. ಮಗ ಬೋಲ್ಟು ಬಿಗಿದ್ರೆ ಸರಿಹೋಯ್ತದೆ ಅಂದ. ನನಗೆ ನಮ್ಮ ಬೀಸೋಕಲ್ಲು ಗ್ಯಾಪಕ ಬಂತು. ನಡುವಿನ ಗೂಟ ಸಡಿಲ ಆದ್ರೆ ಮೇಲಿನ ಕಲ್ಲು ಒಂದು ಮಗ್ಗುಲಿಗೆ ಎಳೀತದೆ, ರಾಗಿ ಒಂದ್ಕಡೆ ನುಣ್ಣಗೆ, ಒಂದ್ಕಡೆ ತರಿ. ಹಂಗಂದೆ. ಮಗ ಅಳತೆ ಹಿಡ್ದ. ಆ ಕಾರಿನ ಹಬ್ಬಿನ ನಡುವಿನ ಉಬ್ಬು 57.1 ಎಂಎಂ, ಬಿಲ್ಲೆ ತೂತು ಅದಕ್ಕಿಂತ ದೊಡ್ಡದು. ಅಗ್ಗಕ್ಕೆ ಸಿಕ್ತು ಅಂತ ಯಾವ ಕಾರಿಗಾದ್ರೂ ಆಗೋದನ್ನ ತಂದಿದ್ದ. ವಾಪಸ್ ಕೊಟ್ಟು ಸರಿಯಾದ್ದು ತಂದ. ಅದರ ಜೊತೆಗೆ ಉದ್ದನೆ ಬೋಲ್ಟು. ಬಿಲ್ಲೆ 15 ಎಂಎಂ ಇದ್ರೆ ಬೋಲ್ಟೂ ಅಷ್ಟೇ ಉದ್ದ ಹೆಚ್ಬೇಕು, ಇಲ್ದಿದ್ರೆ ಒಳಗೆ ಹಿಡಿಯೋ ತಿರುವು ಕಮ್ಮಿ ಆಯ್ತದೆ.

ಮುಂದಿನ ವಾರ ಅಪ್ಪ ಮಗ ಇಬ್ರೂ ಸೇರೇ ಹಾಕಿದ್ರು. ನಾನು ಡಬ್ಬಿಯೊಳಗಿದ್ದ ಚೀಟಿ ಓದ್ತಾ ಕೂತೆ. ಮಿಕ್ಸಿ ಚೀಟೀನೂ ಬಿಡದೆ ಓದೋಳು ನಾನು. ಬಿಗಿ 120 ನ್ಯೂಟನ್ ಮೀಟರ್ ಅಂತಿತ್ತು. ಮಗ ಬಿಡಿಸಿ ಹೇಳ್ದ: ಒಂದು ಮೀಟರ್ ಸರಳಿನ ತುದಿಗೆ 12 ಕೆಜಿ ಅಕ್ಕಿ ಚೀಲ ನೇತಾಕಿದಷ್ಟು ಬಲ. ಅದಕ್ಕೇ ಅಂತ ಅಳತೆ ಇರೋ ಸ್ಪ್ಯಾನರ್ ಬತ್ತದೆ, ಬಿಗಿ ಆದ್ಕೂಡ್ಲೆ ಟಕ್ ಅಂತದೆ. ಚೀಟಿ ಕೊನೇಲಿ ಇನ್ನೊಂದು ಸಾಲಿತ್ತು: 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದ್ಕಿತ ಬಿಗಿ ನೋಡ್ಬೇಕು.

ಈ ನಡುವೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕಂಡು ಮೈಸೂರಲ್ಲಿ ಆಪರೇಷನ್ ಆಗಿದ್ದು ನಿಮಗೆಲ್ಲಾ ಗೊತ್ತೇ ಅದೆ. ಆರನೇ ವಾರ ತೋರಿಸ್ಕಂಡು ಬರಕ್ಕೆ ಮಗನ ಕಾರಲ್ಲೇ ಹೊರಟ್ವಿ. ಮುಂದಿನ ಸೀಟಿಗೆ ದಿಂಬು ಹಾಕ್ತಾ "ಬೋಲ್ಟು ಇನ್ನೊಂದ್ಕಿತ ಬಿಗಿ ನೋಡಿದ್ಯಾ?" ಅಂದೆ. "ಏನೂ ಆಗಕಿಲ್ಲ ಕಣವ್ವ" ಅಂದ. "ನೋಡು, ಅಮೇಲೆ ಹತ್ತೀನಿ" ಅಂತ ಬಾಗಿಲಲ್ಲೇ ನಿಂತೆ. ಗೊಣಗ್ತಾ ಸ್ಪ್ಯಾನರ್ ತಂದ. ಹಿಂದಿನ ಎಡಗಡೆ ಚಕ್ರದಲ್ಲಿ ಎರಡು ಬೋಲ್ಟು ಟಕ್ ಅನ್ನೋಕ್ಮುಂಚೆ ಕಾಲು ಸುತ್ತು ತಿರುಗಿದ್ವು. ಯಾರೂ ಮಾತಾಡ್ಲಿಲ್ಲ. ಅವನ ಮುಖ ಸಣ್ಣಗಾಯ್ತು. ನಮ್ಮನೆಯವ್ರು ಮಿಕ್ಕಿದ್ದನ್ನೆಲ್ಲ ತಾವೇ ಒಂದೊಂದಾಗಿ ನೋಡಿದ್ರು.

ಹೊರಟ್ವಿ. ಕಂಪನಿ ಲೆಕ್ಕದಲ್ಲಿ ಆ ಕಾರಿನ ಹೊಟ್ಟೆ ನೆಲದಿಂದ 16 ಸೆಂಟಿಮೀಟರ್ ಚಿಲ್ಲರೆ ಮೇಲಿರ್ತದೆ. ಅದರಲ್ಲಿ ಎರಡು ಬೆಟ್ಟು ಹೋಯ್ತು, ಮೇಲೆ ನಾವು ನಾಲ್ಕು ಜನ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರ ಅಳತೇಲಿ ಹಂಪು ಅಂದ್ರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಏರಿ ಇಳಿಯಂಗೆ. ನಮ್ಮ ಕಡೆ ಊರಿನವರು ಗುಡ್ಡೆ ಹಾಕೋ ಹಂಪಿಗೆ ಅಳತೆ ಯಾರು ಕೇಳ್ತಾರೆ? ನಂಜನಗೂಡು ಸೇರೋ ಹೊತ್ಗೆ ನಾನೂ ನಮ್ಮನೆಯವ್ರೂ ಮೂರು ಕಡೆ ಇಳಿದು ಹಂಪು ದಾಟಿ ಹತ್ತಿದ್ವಿ. ಟೀ ಅಂಗಡಿಯವರು ನಗ್ತಾ ನೋಡ್ತಿದ್ರು. ಅತ್ತೇನ ಇಳಿಸಕ್ಕಾಯ್ತದಾ? ಗುಂಡಿ ಬಂದಾಗೆಲ್ಲ ಅವರ ಕೈ ಹಿಡಿಕೇನ ಬಿಗಿಯಾಗಿ ಹಿಡೀತಿತ್ತು. ಕಣ್ಣು ಮುಚ್ಕಂಡು "ಶ್ರೀಕಂಠಪ್ಪಾ" ಅಂತಿದ್ರು, ಅಷ್ಟೇ.

ಆಸ್ಪತ್ರೆ ಮುಂದೆ ಇಳಿಸ್ವಾಗ ಮಗ "ತುಂಬ ನೋವಾಯ್ತಾ ಅಜ್ಜಿ?" ಅಂದ. ಅತ್ತೆ ಅವನ ಕೆನ್ನೆ ಸವರಿ, "ಚಂದಾಗದೆ ಕಣ್ ಮಗ ನಿನ್ ಗಾಡಿ. ನಿಮ್ಮಪ್ಪನ ಹೆರಿಗೇಲಿ ಎತ್ತಿನ ಗಾಡೀಲಿ ಕರ್ಕಂಡು ಹೋಗಿದ್ರಲ್ಲಾ, ಹಂಗೇ ಆಯ್ತು" ಅಂದ್ರು. ಬೈದಿದ್ರೆ ವಾದ ಮಾಡ್ತಿದ್ನೇನೋ. ಅದಕ್ಕೆ ಅವನು ಏನೂ ಹೇಳ್ಲಿಲ್ಲ.

ಕಾನೂನು ಓದ್ತಿರೋ ನಮ್ಮ ತಂಗಿ ಮಗಳು ಇನ್ನೊಂದು ಹೇಳಿದ್ಲು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಲ್ಲಿ ಕಂಪನಿ ಮಾಡಿದ್ದನ್ನ ನಮಗೆ ತೋಚಿದಂಗೆ ಬದಲಾಯಿಸೋ ಹಂಗಿಲ್ವಂತೆ. 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದನ್ನ ನಾನು ಮಗನಿಗೆ ಹೇಳೋ ಹೊತ್ಗೆ ಅವನೇ ಹಳೇ ಸ್ಪ್ರಿಂಗು ಹಾಕಿಸ್ಕಂಡು ಬಂದಿದ್ದ. ಸ್ಪೇಸರೂ ಬಿಚ್ಚಿ, ಬೋಲ್ಟಿನ ಸಮೇತ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಬೀಸೋಕಲ್ಲಿನ ಪಕ್ಕ ಮಡಗವ್ನೆ. ಮಾರ್ಬುಡು ಅಂದ್ರೆ "ಇರ್ಲಿ ಬುಡವ್ವ" ಅಂತಾನೆ. ನಾನೂ ಬೀಸೋಕಲ್ಲ ಮಾರಿಲ್ವಲ್ಲ.

ನಿಮ್ಮನೆ ಹುಡುಗರೂ ಹಿಂಗೇನಾದ್ರೂ ಹೊರಟ್ರೆ ಬೈಯೋಕ್ಮುಂಚೆ ಕೇಳಿ: ಬಿಲ್ಲೆ ತೂತು ಹಬ್ಬಿಗೆ ಸರಿ ಕೂತದಾ, ಬೋಲ್ಟು ಉದ್ದದ್ದು ತಂದ್ಯಾ, ಇನ್ನೊಂದ್ಕಿತ ಬಿಗಿ ನೋಡಿದ್ಯಾ. ನಮಗೇನು ಗೊತ್ತಾಯ್ತದೆ ಅಂತ ಸುಮ್ನಿರ್ಬ್ಯಾಡಿ. ಆ ಕಾರಲ್ಲಿ ಕೂರೋರು ನಾವೇ.

ಅತ್ತೆ ಈಗ ವಾಕರ್ ಹಿಡ್ಕಂಡು ಜಗಲಿವರ್ಗೂ ಬತ್ತಾರೆ. ಹೋದ ಸೋಮವಾರ ಅದೇ ಕಾರಲ್ಲಿ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡ್ಕಂಡು ಬಂದ್ವಿ. ಹಂಪುಗಳಲ್ಲಿ ಯಾರೂ ಇಳೀಲಿಲ್ಲ.