ಬೀರುವಿನೊಳಗಿನ ಕುದುರೆಗಳು

'ನಿಮ್ಮನೇಲಿ ಚಿಕ್ಕ ಮಕ್ಕಳಿಲ್ವಲ್ಲ, ಈ ಪುಸ್ತಕಗಳೆಲ್ಲ ಯಾರಿಗೆ?' ಚಾಂದ್‌ಖೇಡಾದ ನಮ್ಮ ಮನೆಗೆ ಬರುವ ಕನ್ನಡದವರು ಕಾಫಿ ಲೋಟ ಹಿಡಿದು ಬೀರುವಿನ ಮುಂದೆ ನಿಂತು ಕೇಳುವ ಪ್ರಶ್ನೆ ಇದು. ಗುಜರಾತಿ ನೆರೆಯವರು ಕೇಳುವುದೂ ಇದನ್ನೇ. ಎಪ್ಪತ್ತೊಂದು ಪುಸ್ತಕಗಳಿವೆ. ಒಂದೆರಡು ಬಿಟ್ಟರೆ ಎಲ್ಲದರ ರಕ್ಷಾಪುಟದ ಮೇಲೂ ಕುದುರೆ. ಎಲ್ಲವೂ ಒಂಬತ್ತರಿಂದ ಹದಿನಾರು ವಯಸ್ಸಿನವರಿಗೆ ಬರೆದ ಕಥೆಗಳು. ನನಗೀಗ ಐವತ್ತೆರಡು.

ಕೊಂಡದ್ದು ಹೆಚ್ಚಿನವು ರವಿವಾರಿಯಲ್ಲಿ. ಸಾಬರಮತಿಯ ದಂಡೆಯಲ್ಲಿ, ಎಲ್ಲಿಸ್ ಬ್ರಿಜ್ ಹತ್ತಿರ ಭಾನುವಾರ ನೆರೆಯುವ ಈ ಸಂತೆಗೆ ಗುಜರಿ ಬಜಾರ್ ಅಂತಲೂ ಹೆಸರು. ಮೊದಲ ಸಲ ಆ ಹೆಸರು ಕೇಳಿದಾಗ ನಗು ಬಂದಿತ್ತು, ನಮ್ಮ ಗುಜರಿ ಅಂಗಡಿಯವನು ಇಲ್ಲಿಗೂ ಬಂದನೇ ಅಂತ! ಹಳೇ ಮಂಚ, ಮಿಕ್ಸಿ ಜಾರು, ಆಡಿನ ಮರಿ, ತುಕ್ಕು ಹಿಡಿದ ಬೀಗಗಳ ನಡುವೆ ಟಾರ್ಪಾಲಿನ ಮೇಲೆ ಪುಸ್ತಕ ಸುರಿದಿರುತ್ತಾರೆ. ಇಪ್ಪತ್ತು ರೂಪಾಯಿ, ಮೂವತ್ತು ರೂಪಾಯಿ. ಮೊದಲ ಪುಟದಲ್ಲಿ ಯಾವುದೋ ದೇಶದ ಶಾಲೆಯ ಮೊಹರು ಇರುತ್ತದೆ, ಯಾವುದೋ ಹುಡುಗಿ ಗುಂಡಗೆ ಬರೆದ ಹೆಸರಿರುತ್ತದೆ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನಲ್ಲಿಯೂ ಹುಡುಕುತ್ತೇನೆ. ಆದರೆ ಅಲ್ಲಿ ಮಾರುವವರಿಗೆ ಪುಸ್ತಕದ ಬೆಲೆ ಗೊತ್ತು, ನಮ್ಮ ಜೇಬಿಗೆ ಕಷ್ಟ.

ಇಂಥ ಪುಸ್ತಕಗಳದ್ದೇ ಒಂದು ಕುಲವಿದೆ. ಮೂಲಪುರುಷ ಅನ್ನಬಹುದಾದದ್ದು 1877ರಲ್ಲಿ ಬಂದ 'ಬ್ಲ್ಯಾಕ್ ಬ್ಯೂಟಿ'. ಬರೆದ ಆನಾ ಸೂಯೆಲ್ ಹದಿನಾಲ್ಕನೇ ವಯಸ್ಸಿನಲ್ಲಿ ಬಿದ್ದು ಕಾಲು ಕೆಟ್ಟವಳು. ನಡೆಯಲಾಗದೆ ಕುದುರೆ ಗಾಡಿಯನ್ನೇ ನಂಬಿ ಬದುಕಿದಳು. ಮಕ್ಕಳಿಗೆಂದು ಬರೆದದ್ದೂ ಅಲ್ಲ ಅದು, ಕುದುರೆ ನೋಡಿಕೊಳ್ಳುವ ಕೆಲಸದವರಿಗೆ ಬರೆದದ್ದು. ಪುಸ್ತಕ ಬಂದ ಕೆಲವೇ ತಿಂಗಳಿಗೆ ತೀರಿಕೊಂಡಳು. ಕಥೆ ಹೇಳುವುದು ಕುದುರೆಯೇ. ಕುದುರೆಯ ಭಾಷೆಯಿಂದ ಅನುವಾದಿಸಿದ್ದು ಎಂದು ಮುಖಪುಟದಲ್ಲೇ ಹಾಕಿಕೊಂಡಿದ್ದಾಳೆ. ಮನೆಯಲ್ಲೊಂದು, ಬೀದಿಯಲ್ಲೊಂದು, ಆಫೀಸಿನಲ್ಲೊಂದು ಭಾಷೆ ಇಟ್ಟುಕೊಂಡು ಬದುಕುವ ನಮ್ಮಂಥವರಿಗೆ ಆ ತಮಾಷೆ ಬೇಗ ಅರ್ಥವಾಗುತ್ತದೆ.

ಆಮೇಲೆ ಇಂಗ್ಲೆಂಡಿನಲ್ಲಿ ಪೋನಿ ಕಥೆಗಳ ಸುಗ್ಗಿ. ಜೋನಾ ಕ್ಯಾನನ್ ಎಂಬಾಕೆ 1936ರಲ್ಲಿ 'ಎ ಪೋನಿ ಫಾರ್ ಜೀನ್' ಬರೆದಳು. ಆಕೆಯ ಮೂವರು ಹೆಣ್ಣುಮಕ್ಕಳು, ಪುಲೈನ್-ಥಾಂಪ್ಸನ್ ಸೋದರಿಯರು, ದೊಡ್ಡವರಾಗಿ ಇದನ್ನೇ ಕಸುಬು ಮಾಡಿಕೊಂಡು ರಾಶಿ ರಾಶಿ ಬರೆದರು. ನನ್ನ ಬೀರುವಿನಲ್ಲಿ ಒಂದಿಡೀ ಸಾಲು ಅವರದೇ. ನಿಜ ಹೇಳಬೇಕೆಂದರೆ ನಾಲ್ಕು ಓದಿದರೆ ಐದನೆಯದು ಓದಿದಂತೆಯೇ. ಅಮೆರಿಕದ 'ಥರೋಬ್ರೆಡ್' ಮಾಲೆಯೂ ಅಷ್ಟೇ, ರೇಸಿನ ಕೊನೆಯ ತಿರುವಿನಲ್ಲಿ ಏನಾಗುತ್ತದೆಂದು ಮೊದಲ ಅಧ್ಯಾಯದಲ್ಲೇ ತಿಳಿಯುತ್ತದೆ. ಆದರೂ ಕೊಳ್ಳುತ್ತೇನೆ.

ಬಿಡಲಾರದ ಪುಸ್ತಕಗಳು ಕೆಲವೇ. 1941ರಲ್ಲಿ ಬಂದ ವಾಲ್ಟರ್ ಫಾರ್ಲೆಯ 'ದಿ ಬ್ಲ್ಯಾಕ್ ಸ್ಟಾಲಿಯನ್' ಅದರಲ್ಲೊಂದು. ಅದರ ಹುಡುಗ ಅಲೆಕ್ ಹಡಗು ಹತ್ತುವುದು ನಮ್ಮ ದೇಶದಲ್ಲೇ, ಇಲ್ಲಿದ್ದ ಚಿಕ್ಕಪ್ಪನ ಮನೆಯಿಂದ ಹಿಂತಿರುಗುವಾಗ. ನಡುದಾರಿಯಲ್ಲಿ ಅರಬ್ಬಿ ಬಂದರೊಂದರಲ್ಲಿ ಕಪ್ಪು ಕುದುರೆ ಹಡಗೇರುತ್ತದೆ. ಅರಬ್ಬಿ ಕುದುರೆಗಳು ಹಡಗು ಹತ್ತಿ ಭಟ್ಕಳ, ಹೊನ್ನಾವರಕ್ಕೆ ಬಂದು ಘಟ್ಟ ಏರಿ ವಿಜಯನಗರ ಸೇರುತ್ತಿದ್ದ ಕಾಲ ನೆನಪಾಗುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಕುದುರೆಗಳೂ ವ್ಯಾಪಾರಿಗಳೂ ಇವತ್ತಿಗೂ ನಿಂತಿದ್ದಾರೆ.

ಇನ್ನೊಂದು ಈನಿಡ್ ಬ್ಯಾಗ್ನೋಲ್ಡ್ 1935ರಲ್ಲಿ ಬರೆದ 'ನ್ಯಾಷನಲ್ ವೆಲ್ವೆಟ್'. ವೆಲ್ವೆಟ್ ಕಸಾಯಿ ಅಂಗಡಿಯವನ ಮಗಳು. ಲಾಟರಿಯಲ್ಲಿ ಅವಳಿಗೊಂದು ಕಪ್ಪು-ಬಿಳಿ ಮಚ್ಚೆಯ ಕುದುರೆ ಸಿಗುತ್ತದೆ. ಗಂಡುಡುಗೆ ತೊಟ್ಟು ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ಓಡಿಸುತ್ತಾಳೆ. ಆ ರೇಸಿನಲ್ಲಿ ನಿಜವಾಗಿ ಹೆಣ್ಣೊಬ್ಬಳು ಕುದುರೆ ಏರಿದ್ದು 1977ರಲ್ಲಿ, ಷಾರ್ಲಟ್ ಬ್ರೂ. ಗೆದ್ದದ್ದು 2021ರಲ್ಲಿ, ರೇಚಲ್ ಬ್ಲ್ಯಾಕ್‌ಮೋರ್. ಕಥೆಯ ಹುಡುಗಿ ಎಂಬತ್ತಾರು ವರ್ಷ ಮೊದಲೇ ಗುರಿ ಮುಟ್ಟಿದ್ದಳು.

ಓದುತ್ತಾ ಹೋದ ಹಾಗೆ ನನಗೆ ಕಂಡದ್ದು, ಈ ಕಥೆಗಳಲ್ಲಿ ಒಳ್ಳೆಯವೆಲ್ಲ ಒಂದೇ ಪ್ರಶ್ನೆ ಸುತ್ತ ತಿರುಗುತ್ತವೆ: ಕುದುರೆ ಯಾರಿಗೆ ಸಲ್ಲಬೇಕು? ಇದು ಇಂಗ್ಲೆಂಡಿನ ಪ್ರಶ್ನೆ ಮಾತ್ರವಲ್ಲ. ಗುಜರಾತಿಯಲ್ಲಿ ಮದುವೆ ಮೆರವಣಿಗೆಗೆ 'ವರಘೋಡೋ' ಅನ್ನುತ್ತಾರೆ, ಹೆಸರಿನಲ್ಲೇ ಕುದುರೆಯಿದೆ. ಆದರೆ ದಲಿತ ಮದುಮಗ ಕುದುರೆ ಏರಿದ್ದಕ್ಕೆ ಕಲ್ಲು ತೂರಿದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ. 2018ರ ಮಾರ್ಚಿನಲ್ಲಿ ಭಾವನಗರ ಜಿಲ್ಲೆಯ ಟಿಂಬಿ ಎಂಬ ಹಳ್ಳಿಯಲ್ಲಿ ಕುದುರೆ ಸಾಕಿದ್ದ ಇಪ್ಪತ್ತೊಂದರ ದಲಿತ ಹುಡುಗನ ಕೊಲೆಯಾಯಿತು. ಕುದುರೆ ಸವಾರಿಯೇ ಕಾರಣ ಅಂತ ತಂದೆ ದೂರು ಕೊಟ್ಟರು. ಆ ವಾರ ಬೀರುವಿನ ಬಾಗಿಲು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಕುದುರೆ ಬೇಕೆಂದು ಹಂಬಲಿಸುವ ಹುಡುಗ, ಕೊನೆಗೆ ಅವನದಾಗುವ ಕುದುರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತದೆ.

ಗುಜರಾತಿ ಅಕ್ಷರ ಕಲಿತ ಮೇಲೆ ಝವೇರಚಂದ್ ಮೇಘಾಣಿಯವರ 'ಸೌರಾಷ್ಟ್ರನೀ ರಸಧಾರ್' ಕೂಡ ಈ ಸಾಲಿಗೆ ಸೇರಿಸಿದೆ. ಮಕ್ಕಳಿಗೆಂದೇ ಬರೆದದ್ದಲ್ಲ ನಿಜ. ಆದರೆ ಕಿವಿಯ ತುದಿಗಳು ಒಳಬಾಗಿ ಒಂದಕ್ಕೊಂದು ತಾಗುವ ಕಾಠಿಯಾವಾಡಿ ಕುದುರೆಯನ್ನು ಅದರಲ್ಲಿ ಕಂಡಷ್ಟು ಪ್ರೀತಿಯಿಂದ ಬೇರೆಲ್ಲೂ ಕಾಣಲಿಲ್ಲ. ವಡೋದರಾಕ್ಕೂ ಒಂದು ಕುದುರೆ ಕಥೆಯಿದೆ. ಬರೋಡಾದ ಮಹಾರಾಜ ಪ್ರತಾಪಸಿಂಹ ಗಾಯಕವಾಡ್ 1945ರಲ್ಲಿ ಇಂಗ್ಲೆಂಡಿನಲ್ಲಿ 28,000 ಗಿನಿ ಕೊಟ್ಟು ಒಂದು ಎಳೆಗುದುರೆ ಕೊಂಡರು. ಅಲ್ಲಿಯವರೆಗೆ ಆ ವಯಸ್ಸಿನ ಕುದುರೆಗೆ ಅಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ. ಸಯಾಜಿರಾವ್ ಎಂದು ಹೆಸರಿಟ್ಟರು. ಅದು 1947ರಲ್ಲಿ ಐರಿಷ್ ಡರ್ಬಿ, ಸೇಂಟ್ ಲೆಜರ್ ಎರಡನ್ನೂ ಗೆದ್ದಿತು. ಅದನ್ನು ನೋಡಿಕೊಂಡ ಲಾಯದ ಹುಡುಗನ ಕಣ್ಣಿನಿಂದ ಯಾರಾದರೂ ಒಂದು ಮಕ್ಕಳ ಕಾದಂಬರಿ ಬರೆದಿದ್ದರೆ ರವಿವಾರಿಯಲ್ಲಿ ಚೌಕಾಸಿ ಮಾಡದೆ ಕೊಳ್ಳುತ್ತಿದ್ದೆ.

ಇನ್ನು ಈ ಹುಚ್ಚು ನನಗೇಕೆ ಅನ್ನುವುದು. ನಮ್ಮಪ್ಪ ರೇಸಿಗೆ ಹೋಗುತ್ತಿದ್ದರು. ಫ್ಯಾಕ್ಟರಿ ಸಂಬಳ ಬಂದ ವಾರ ಖಂಡಿತ ಹೋಗುತ್ತಿದ್ದರು. ಹೋಗುವ ಹಿಂದಿನ ರಾತ್ರಿ ರೇಸ್ ಪುಸ್ತಕ ಹಿಡಿದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂರುತ್ತಿದ್ದರು. ಕುದುರೆಯ ಹೆಸರು, ಅದರ ಅಪ್ಪ ಅಮ್ಮನ ಹೆಸರು, ಜಾಕಿ, ಹೊರುವ ತೂಕ, ಹಿಂದಿನ ಓಟಗಳು. ನಾನು ಪಕ್ಕದಲ್ಲಿ ಕೂತು ಹೆಸರುಗಳನ್ನು ಜೋರಾಗಿ ಓದಬೇಕು. ಶಾಲೆಗಿಂತ ಮೊದಲು ಇಂಗ್ಲಿಷ್ ಅಕ್ಷರ ಕೂಡಿಸಿದ್ದು ನಾನು ಅಲ್ಲೇ. 'ಇದರಜ್ಜ ಮಳೇಲಿ ಚೆನ್ನಾಗಿ ಓಡ್ತಿತ್ತು ಮಗು' ಅನ್ನುತ್ತಿದ್ದರು, ನಮ್ಮ ವಂಶದ ಅಜ್ಜನ ವಿಷಯ ಹೇಳುವ ಹಾಗೆ. ಮರುದಿನ ಸಂಜೆ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅಮ್ಮನ ಬಳೆಗಳು ಗಿರವಿ ಅಂಗಡಿಗೆ ಹೋದವು, ಒಂದು ಸಲ ಬಿಡಿಸಿಕೊಂಡು ಬಂದರು, ಮತ್ತೆ ಹೋದವು, ಬರಲಿಲ್ಲ. ಕುದುರೆ ಅಂದರೆ ನನಗೆ ಈ ಎರಡೂ. ಮಕ್ಕಳ ಪುಸ್ತಕಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಅಲ್ಲಿ ರೇಸ್ ಇದೆ, ಸಂಬಳದ ಕವರ್ ಇಲ್ಲ.

ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಅಮ್ಮನನ್ನು ಇಲ್ಲಿಗೆ ಕರಕೊಂಡು ಬಂದೆವು. ಬಂದ ಮೂರನೇ ದಿನ ಬೀರು ನೋಡಿದಳು. 'ಅಲ್ಲ ಕಣೇ, ರೇಸಿನ ಪುಸ್ತಕ ಮನೆಯೊಳಗೆ ಯಾಕೆ ತಂದಿಟ್ಟಿದೀಯ?' ಅಂದಳು. ಮಕ್ಕಳ ಕಥೆ ಅಮ್ಮ, ದುಡ್ಡಿನದಲ್ಲ ಅಂದೆ. ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಆಮೇಲೆ ವಾರಗಟ್ಟಲೆ ಹಾಲ್‌ನಲ್ಲಿ ಬೀರುವಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಟಿ.ವಿ. ನೋಡುವಂತಿಲ್ಲ, ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು, ಮಾತಾಡಿಸುವವರ ಭಾಷೆ ಬರುವುದಿಲ್ಲ. ಏನಾದರೂ ಓದಿ ಹೇಳು ಅಂದಳು. ಮನೆಯಲ್ಲಿದ್ದ ಕನ್ನಡ ಪುಸ್ತಕಗಳನ್ನು ಹದಿನೈದು ದಿನದಲ್ಲಿ ಮುಗಿಸಿದೆವು. ಹದಿನಾರನೇ ದಿನ ಏನೂ ಹೇಳದೆ 'ನ್ಯಾಷನಲ್ ವೆಲ್ವೆಟ್' ತೆಗೆದು ಕನ್ನಡದಲ್ಲಿ ಹೇಳುತ್ತಾ ಹೋದೆ. ಕಸಾಯಿ ಅಂಗಡಿ ಅಂದಾಗ ಸ್ವಲ್ಪ ಮುಖ ಸಿಂಡರಿಸಿದಳು. ಐವರು ಮಕ್ಕಳ ಸಂಸಾರ ಅಂದಾಗ ಸರಿಯಾಗಿ ಕೂತಳು.

ಕಷ್ಟವಾದದ್ದು ಪದಗಳಿಗೆ. ಲಗಾಮು, ಜೀನು, ಲಾಳ, ಲಾಯ ನನಗೂ ಗೊತ್ತಿತ್ತು. ಗ್ಯಾಲಪ್ಪಿಗೆ ನಾಗಾಲೋಟ ಅಂದೆ. ಟ್ರಾಟ್ ಹೇಗಿರುತ್ತದೆಂದು ಕೈಯಲ್ಲಿ ಮಂಚ ತಟ್ಟಿ ತೋರಿಸಿದಾಗ ಅಮ್ಮನೇ 'ಕುಕ್ಕುಲೋಟ' ಅಂದಳು. ಅವಳ ತವರಿನಲ್ಲಿ ಸ್ಟೇಷನ್ನಿಗೆ ಜಟಕಾ ಓಡುತ್ತಿತ್ತಂತೆ, ಕುದುರೆಗೆ ಹುರುಳಿ ಬೇಯಿಸಿದ ವಾಸನೆ ಮನೆವರೆಗೂ ಬರುತ್ತಿತ್ತಂತೆ. ಕ್ಯಾಂಟರ್‌ಗೆ ಇಬ್ಬರಿಗೂ ಪದ ಹೊಳೆಯಲಿಲ್ಲ. ಸುಮಾರು 1400ರಲ್ಲೇ ಕನ್ನಡದಲ್ಲಿ 'ಅಶ್ವವೈದ್ಯ' ಬರೆದ ಅಭಿನವಚಂದ್ರನನ್ನು ಕೇಳಬೇಕಿತ್ತು!

ರೇಸಿನ ಅಧ್ಯಾಯ ಬಂದಾಗ ನನ್ನ ದನಿ ಸಣ್ಣದಾಯಿತು. ಅಮ್ಮ ಕಣ್ಣುಪಟ್ಟಿ ಕಟ್ಟಿಕೊಂಡು ಅಲ್ಲಾಡದೆ ಕೇಳಿದಳು. ವೆಲ್ವೆಟ್ ಗೆದ್ದಳು, ಹುಡುಗಿ ಅಂತ ಗೊತ್ತಾಯಿತು, ಗೆಲುವು ಅವಳಿಗೆ ದಕ್ಕಲಿಲ್ಲ ಅಂದೆ.

'ಮತ್ತೆ ದುಡ್ಡು?'

'ದುಡ್ಡು ಬರಲಿಲ್ಲಮ್ಮ.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಕುದುರೆ ಮನೆಗೆ ಬಂತಲ್ಲ, ಸಾಕು ಬಿಡು' ಅಂದಳು. ಆಮೇಲೆ, ನಾನು ಪುಸ್ತಕ ಮುಚ್ಚುವಾಗ, 'ನಿಮ್ಮಪ್ಪನ ಜೊತೆ ನಾನು ಒಂದೇ ಸಲ ಹೋಗಿದ್ದೆ. ಮದುವೆಯಾದ ಹೊಸದರಲ್ಲಿ. ಅವರು ದುಡ್ಡು ಕಟ್ಟೋಕೆ ಹೋದಾಗ ನಾನು ಬೇಲಿ ಹತ್ರ ನಿಂತು ಕುದುರೆ ನೋಡ್ತಿದ್ದೆ. ಎಷ್ಟು ಚೆನ್ನಾಗಿತ್ತು ಕಣೇ, ಮೈಯೆಲ್ಲ ಎಣ್ಣೆ ಸವರಿದ ಹಾಗೆ' ಅಂದಳು. ಐವತ್ತು ವರ್ಷದಲ್ಲಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ.

ಈಗ 'ಬ್ಲ್ಯಾಕ್ ಸ್ಟಾಲಿಯನ್' ಅರ್ಧ ಆಗಿದೆ. ಹಡಗು ಮುಳುಗಿ ಹುಡುಗನೂ ಕುದುರೆಯೂ ದ್ವೀಪದಲ್ಲಿದ್ದಾರೆ. ಅಲ್ಲಿ ತಿನ್ನಲು ಏನು ಸಿಗುತ್ತದೆ ಅನ್ನುವುದೇ ಅಮ್ಮನಿಗೆ ದೊಡ್ಡ ಚಿಂತೆ. ಮುಂದೆ 'ಬ್ಲ್ಯಾಕ್ ಬ್ಯೂಟಿ' ಓದೋಣವೇ ಅಂದರೆ, ಕುದುರೆ ಸಾಯೋದಾದರೆ ಬೇಡ ಅಂದಿದ್ದಾಳೆ. ಅದರಲ್ಲಿ ಜಿಂಜರ್ ಸಾಯುತ್ತದೆ. ಆ ಪುಟ ಹಾರಿಸಿ ಓದುವುದೋ, ಬೇರೆ ಪುಸ್ತಕ ಹುಡುಕುವುದೋ ಇನ್ನೂ ತೀರ್ಮಾನಿಸಿಲ್ಲ. ಭಾನುವಾರ ರವಿವಾರಿಗೆ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. ಮಂಡಿನೋವಿಗೆ ಬಿ.ಆರ್.ಟಿ.ಎಸ್. ಬಸ್ಸು ಆಗುವುದಿಲ್ಲ, ಆಟೋದವನಿಗೆ ಹೇಳಿಟ್ಟಿದ್ದೇನೆ.