ಗಡಿಗಿ ಸ್ಪೀಕರು

ನಮ್ಮ ಮನೆಗೆ ಮೊದಲ ರೇಡಿಯೋ ತಂದವರು ಯಾರು ಅನ್ನೋದರ ಬಗ್ಗೆ ಇವತ್ತಿಗೂ ಮನೆಯವರಲ್ಲಿ ಒಮ್ಮತ ಇಲ್ಲ. ಅಪ್ಪ ಮದರಾಸಿಗೆ ಹೋದಾಗ ತಂದದ್ದು ಅಂತ ಅವ್ವ ಹೇಳುತ್ತಿದ್ದಳು. ಗುಂತಕಲ್ಲಿನಲ್ಲಿ ರೈಲ್ವೆ ನೌಕರಿಯಲ್ಲಿದ್ದ ದೊಡ್ಡಪ್ಪ ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು ಅಂತ ಚಿಗಪ್ಪನ ವಾದ. ಅದು ಬಂದ ದಿನ ನನಗೆ ನೆನಪಿಲ್ಲ, ಅದರ ಏರಿಯಲ್ ಮಾತ್ರ ಚೆನ್ನಾಗಿ ನೆನಪಿದೆ. ಬ್ರೂಸ್‌ಪೇಟೆಯ ನಮ್ಮ ಮಾಳಿಗೆ ಮೇಲೆ ಎರಡು ಬಿದಿರು ಗಳ ನೆಟ್ಟು, ನಡುವೆ ತಾಮ್ರದ ಜಾಲರಿ ಪಟ್ಟಿ ಬಿಗಿದಿದ್ದರು. ಅದರ ಮೇಲೆ ಗುಬ್ಬಿ ಕೂತರೆ ಧಾರವಾಡ ಸ್ಟೇಷನ್ ಕೆಡುತ್ತದೆ ಅಂತ ಚಿಗಪ್ಪ ನಂಬಿದ್ದ. ಸಂಜೆಯಾದರೆ ನನ್ನ ಕೈಗೆ ಕೋಲು ಕೊಟ್ಟು ಮೇಲೆ ಹತ್ತಿಸುವನು. ಗುಬ್ಬಿಗೂ ಸ್ಟೇಷನ್ನಿಗೂ ಯಾವ ಸಂಬಂಧವೂ ಇಲ್ಲ ಅಂತ ಗೊತ್ತಾಗುವ ಹೊತ್ತಿಗೆ ಗುಬ್ಬಿಗಳೇ ಇರಲಿಲ್ಲ.

ಅದು ಮರ್ಫಿ ವಾಲ್ವ್ ಸೆಟ್ಟು. ಸ್ವಿಚ್ ಒತ್ತಿದ ಕೂಡಲೇ ಮಾತಾಡುವ ಜಾತಿಯದಲ್ಲ. ಒಳಗಿನ ವಾಲ್ವ್‌ಗಳು ಕೆಂಪಗೆ ಕಾಯಬೇಕು, ಆಮೇಲೆ ಎಲ್ಲೋ ದೂರದಿಂದ ಬಂದ ಹಾಗೆ ದನಿ ಮೆಲ್ಲಗೆ ಏರಬೇಕು. ಮುಂದುಗಡೆ ಒಂದು ಹಸಿರು ಕಣ್ಣು ಇತ್ತು. ಸ್ಟೇಷನ್ ಸರಿಯಾಗಿ ಹಿಡಿದರೆ ಅದು ಮುಚ್ಚಿಕೊಳ್ಳುವುದು. ಬೇಸಿಗೆಯಲ್ಲಿ ಅದರ ಹತ್ತಿರ ಕೂರಲು ಯಾರಿಗೂ ಆಗುತ್ತಿರಲಿಲ್ಲ. ಮೊದಲೇ ಬಳ್ಳಾರಿಯ ಬಿಸಿಲು, ಅದರ ಮೇಲೆ ಈ ಒಲೆ. ಆದರೂ ಬುಧವಾರ ರಾತ್ರಿ ಎಂಟಕ್ಕೆ ಸಿಲೋನಿನಿಂದ ಅಮೀನ್ ಸಯಾನಿ ಬಿನಾಕಾ ಗೀತಮಾಲಾ ನಡೆಸುವಾಗ ಜಗಲಿ ತುಂಬಿರುತ್ತಿತ್ತು. ಶಾರ್ಟ್‌ವೇವ್ ಆದ್ದರಿಂದ ಹಾಡು ಬಂದು ಹೋಗಿ ಮಾಡುವುದು. ಒಳ್ಳೆಯ ಸಾಲಿಗೇ ದನಿ ಮುಳುಗಿದರೆ, ಎದುರು ಮನೆಯ ಟೇಲರ್ ಸಾಹೇಬರು ಆ ಸಾಲನ್ನು ತಾವೇ ಹಾಡಿ ತುಂಬಿಸುತ್ತಿದ್ದರು. ಸುಮಾರಾಗಿ ಹಾಡುತ್ತಿದ್ದರು, ಹೇಳಬಾರದು.

ರೇಡಿಯೋ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು ಅಂದರೆ ನನ್ನ ಮೊಮ್ಮಗಳು ನಂಬುವುದಿಲ್ಲ. ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಹಣ ಕಟ್ಟಿ, ಒಂದು ಪುಟ್ಟ ಪುಸ್ತಕದಲ್ಲಿ ಸ್ಟ್ಯಾಂಪ್ ಹಚ್ಚಿಸಿಕೊಂಡು ಬರಬೇಕು. 80ರ ದಶಕದಲ್ಲಿ ಅದು ರದ್ದಾಯಿತು. ಅಪ್ಪ ಆ ಪುಸ್ತಕವನ್ನು ಮನೆಪತ್ರದ ಜೊತೆ ಟ್ರಂಕಿನಲ್ಲೇ ಇಟ್ಟಿದ್ದರು.

ನಮ್ಮ ಓಣಿ ಹೇಗಿತ್ತು ಅಂತ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅಲ್ಲಿಯವರೆಗೆ ಮದರಾಸು, ಆಮೇಲೆ ಮೈಸೂರು. ಓಣಿಗೆ ಇದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು, ಮೂಲೆ ಅಂಗಡಿಯಲ್ಲಿ ಮಾರವಾಡಿ. ಬೈಯುವಾಗ ಎಲ್ಲರೂ ಎಲ್ಲವನ್ನೂ ಬಳಸುತ್ತಿದ್ದರು. ಹಾಡಿನ ಡಬ್ಬಿ ಯಾರ ಮನೆಯಲ್ಲಿದ್ದರೂ ಎಲ್ಲರ ಹಾಡೂ ಬರಬೇಕು. ಒಂದೇ ಭಾಷೆ ಹಾಕಿದರೆ ತಕರಾರು.

ರೇಡಿಯೋ ಆದ ಮೇಲೆ ಎಚ್‌ಎಂವಿ ಫಿಯೆಸ್ಟಾ ಬಂತು. ಸೂಟ್‌ಕೇಸಿನಂಥ ರೆಕಾರ್ಡ್ ಪ್ಲೇಯರು, ಮುಚ್ಚಳವೇ ಸ್ಪೀಕರು. ಇದನ್ನು ಕೊಂಡದ್ದು ಚಿಗಪ್ಪನೇ, ಅದರಲ್ಲಿ ಜಗಳವಿಲ್ಲ, ಯಾಕಂದರೆ ಅದರ ಕಂತು ಅಪ್ಪ ಕಟ್ಟಿದರು. ಬಳ್ಳಾರಿಯಂಥ ಊರಿನಲ್ಲಿ ಎಲ್‌ಪಿ ಇಟ್ಟುಕೊಳ್ಳುವುದು ಕಷ್ಟದ ಕೆಲಸ. ಏಪ್ರಿಲ್ ಮೇ ತಿಂಗಳಲ್ಲಿ ಕಿಟಕಿಯ ಹತ್ತಿರ ಒಂದು ಮಧ್ಯಾಹ್ನ ಮರೆತರೆ ಸಾಕು, ರೆಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುವುದು. ಆಗ ಸೂಜಿ ಏರುವುದು, ಇಳಿಯುವುದು, ಒಂದೇ ಗೆರೆಯಲ್ಲಿ ಸಿಕ್ಕಿಕೊಳ್ಳುವುದು. ಚಿಗಪ್ಪ ತೋಳಿನ ತುದಿಗೆ ನಾಲ್ಕಾಣೆ ಬಿಲ್ಲೆ ಇಟ್ಟು ದಾರಿಗೆ ತರುತ್ತಿದ್ದ. ಸೂಜಿಗೂ ರೆಕಾರ್ಡಿಗೂ ಅದು ಒಳ್ಳೆಯದಲ್ಲ, ಆದರೆ ಹಾಡು ಮುಗಿಯುತ್ತಿತ್ತು. ಪಕ್ಕದ ಶೆಟ್ಟರ ಮನೆ ಅಜ್ಜಿ ದಿನಾ ಬೆಳಿಗ್ಗೆ ಘಂಟಸಾಲರ ಭಗವದ್ಗೀತೆ ಹಾಕಿಸಿಕೊಳ್ಳಲು ಬರುತ್ತಿದ್ದಳು. ಘಂಟಸಾಲ ತೀರಿಕೊಂಡದ್ದು 1974ರಲ್ಲಿ. ಅಜ್ಜಿಗೆ ಅದನ್ನು ಯಾರೂ ಹೇಳಿರಲಿಲ್ಲ. 'ಆ ಹುಡುಗ ಚೆಂದ ಹೇಳ್ತಾನಪ್ಪ' ಅನ್ನುತ್ತಿದ್ದಳು.

ಆಮೇಲೆ ಕ್ಯಾಸೆಟ್ ಕಾಲ. ಗಲ್ಫಿನಲ್ಲಿದ್ದ ಟೇಲರ್ ಸಾಹೇಬರ ಅಳಿಯ ತಂದ ಟೂ-ಇನ್-ಒನ್ನು ಕೈ ಬದಲಾಗಿ ನಮ್ಮ ಮನೆಗೆ ಬಂತು. ಬೆಂಗಳೂರು ರಸ್ತೆಯ ಕಡೆ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಸಿ-60 ಅಥವಾ ಸಿ-90 ಕೊಟ್ಟು ಬಂದರೆ ತುಂಬಿಸಿ ಕೊಡುತ್ತಿದ್ದರು. ಆ ಅಂಗಡಿಯಾತ ವಿಚಿತ್ರ ಮನುಷ್ಯ. ನಮ್ಮ ಪಟ್ಟಿಯನ್ನು ಪರೀಕ್ಷೆ ಪೇಪರಿನ ಹಾಗೆ ತಿದ್ದುತ್ತಿದ್ದ. ರಾಜ್‌ಕುಮಾರ್ ಹಾಡಿನ ಪಕ್ಕದಲ್ಲಿ ಗದ್ದಲದ ಹಾಡು ಬರೆದಿದ್ದರೆ ಗೀಟು ಹಾಕಿ, 'ಇವೆರಡೂ ಒಂದೇ ಬದಿಗೆ ಕೂಡಂಗಿಲ್ರಿ' ಅಂತ ವಾಪಸು ಕೊಡುವನು. ಕೊನೆಗೆ ಎರಡು ನಿಮಿಷ ಟೇಪು ಉಳಿದರೆ ಖಾಲಿ ಬಿಡುತ್ತಿರಲಿಲ್ಲ, ತನಗೆ ಇಷ್ಟವಾದ ಶಹನಾಯಿ ತುಂಬುತ್ತಿದ್ದ. ಅದು ಅರ್ಧಕ್ಕೇ ಕಟ್ಟಾಗುತ್ತಿತ್ತು. ಆ ಶಹನಾಯಿ ಮುಂದಕ್ಕೆ ಹೇಗೆ ಹೋಗುತ್ತದೆ ಅಂತ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಟೂ-ಇನ್-ಒನ್ನಿನ ದನಿ ತೆಳು, ಕೆಳಗಿನ ಸ್ವರವೇ ಇಲ್ಲ. ಪತ್ರಿಕೆಗಳಲ್ಲಿ ಕಲ್ಕತ್ತೆಯ ಸೋನೋಡೈನ್ ಸ್ಟೀರಿಯೋಗಳ ಜಾಹೀರಾತು ನೋಡಿ ನೋಡಿ ನನಗೂ ಚಿಗಪ್ಪನಿಗೂ ಹುಚ್ಚು ಹಿಡಿದಿತ್ತು. ಆ ಬೆಲೆ ನಮ್ಮದಲ್ಲ. ಆಗ ಓಣಿಯ ರೇಡಿಯೋ ಮೇಸ್ತ್ರಿ, ಎಲ್ಲರೂ ಅವರನ್ನು 'ರೇಡಿಯೋ ಮಾಮ' ಅನ್ನುತ್ತಿದ್ದರು, 'ನಾ ಕಟ್ಟಿ ಕೊಡ್ತೀನಿ, ಸುಮ್ನಿರ್ರಿ' ಅಂದರು. ಟಿಬಿಎ 810 ಅನ್ನುವ ಐಸಿ, ಎಡಕ್ಕೊಂದು ಬಲಕ್ಕೊಂದು. 12 ವೋಲ್ಟಿನಲ್ಲಿ ಓಡುವ ಚಿಕ್ಕ ಆಂಪ್ಲಿಫೈಯರು, ಬಿಸಿ ಹೊರಹಾಕಲು ಅಲ್ಯುಮಿನಿಯಂ ತಗಡು. ಎಂಟು ಇಂಚಿನ ಸ್ಪೀಕರ್ ಎರಡು. ಡಬ್ಬಿಗೆ ಬಡಿಗೇರನನ್ನು ಕೇಳೋಣ ಅಂದರೆ ಮಾಮ ಒಪ್ಪಲಿಲ್ಲ. 'ಗಡಿಗಿ ತಗೊಂಡ್ ಬಾ.'

ಗಡಿಗಿ ಯಾಕೆ ಅಂತ ಆಮೇಲೆ ಅರ್ಥವಾಯಿತು. ಸ್ಪೀಕರಿನ ಹಾಳೆ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿ ಎಳೆಯುತ್ತದೆ. ಬಯಲಲ್ಲಿ ಇಟ್ಟರೆ ಮುಂದಿನದನ್ನು ಹಿಂದಿನದು ತಿಂದುಹಾಕುತ್ತದೆ, ತಗ್ಗು ದನಿಯೇ ಉಳಿಯುವುದಿಲ್ಲ. ಹಿಂದಿನದನ್ನು ಮುಚ್ಚಿಡಬೇಕು. ಚೌಕ ಪೆಟ್ಟಿಗೆಯಲ್ಲಿ ಎದುರುಬದುರು ಗೋಡೆಗಳ ನಡುವೆ ದನಿ ಬಡಿದು ಒಂದೇ ಸ್ವರ ಗುಂಯ್‌ಗುಡುವುದುಂಟು. ಗಡಿಗಿಗೆ ಎದುರುಬದುರು ಗೋಡೆಯೇ ಇಲ್ಲ. ಸ್ಪೀಕರಿನ ಸುತ್ತಳತೆಗೆ ದಾರ ಕತ್ತರಿಸಿಕೊಂಡು ಕುಂಬಾರರ ಹತ್ತಿರ ಹೋದೆ. 'ಯಾವ ಊಟಕ್ಕ ಇಷ್ಟ್ ಅಗಲ ಬಾಯಿ?' ಅಂತ ಕೇಳಿದರು. ಹೇಳಿದರೆ ನಕ್ಕರು, ಆದರೆ ದಾರದ ಅಳತೆಗೆ ಒಂದು ಕೂದಲೆಳೆ ತಪ್ಪದ ಹಾಗೆ ತಿರುಗಿಸಿ ಕೊಟ್ಟರು.

ಹಚ್ಚಿ ನೋಡುವ ಸಂಜೆ ಸಿರುಗುಪ್ಪದಿಂದ ಸೋದರಮಾವ ಜೀಪಿನಲ್ಲಿ ಹೊಸ ಅಕ್ಕಿ ಚೀಲ ಹಾಕಿಕೊಂಡು ಬಂದಿದ್ದರು. ಯಾವ ತಿಂಗಳೋ, ಮಳೆ ಕಟ್ಟಿಕೊಂಡು ಸೆಕೆ ವಿಪರೀತ ಇತ್ತು. ಮಾಮ ವೈರು ಎಳೆಯಲು ಗಡಿಗಿಯ ತಳಕ್ಕೆ ತೂತು ಕೊರೆಯುತ್ತಿದ್ದರು. ಅದನ್ನು ಶೆಟ್ಟರ ಮನೆ ಅಜ್ಜಿ ನೋಡಿಬಿಟ್ಟಳು. 'ಅಯ್ಯಯ್ಯೋ, ತೂತು ಗಡಿಗಿ ಮನಿಯಾಗ ಇಡ್ತಾರೇನ್ರಿ! ಅದು ಸುಡಗಾಡಿಗೆ ಒಯ್ಯೋದು!' ಅವ್ವನ ಮುಖವೂ ಬಿಳಿಚಿಕೊಂಡಿತು. ಕೆಲಸ ನಿಂತಿತು. ಮಾಮ ವಿಜ್ಞಾನ ಹೇಳಿದರು, ಯಾರೂ ಕೇಳಲಿಲ್ಲ. ಕೊನೆಗೆ ಅಜ್ಜಿಯೇ ದಾರಿ ಹುಡುಕಿದಳು: ತೂತಿಗೆ ಮೇಣ ಹಾಕಿ ಮುಚ್ಚಬೇಕು, ಗಡಿಗಿಗೆ ಅರಿಶಿನ ಕುಂಕುಮ ಹಚ್ಚಬೇಕು, ಮೊದಲು ದೇವರ ಹಾಡು. ವೈರು ಎಳೆದ ಮೇಲೆ ಗಾಳಿ ಸೋರದ ಹಾಗೆ ತೂತಿಗೆ ಮೇಣ ತುಂಬುವುದು ಹೇಗೂ ಮಾಮನ ಲೆಕ್ಕದಲ್ಲೇ ಇತ್ತು, ಸುಮ್ಮನೆ ಒಪ್ಪಿಕೊಂಡರು.

ಭೀಮಸೇನ ಜೋಶಿಯವರ ದಾಸವಾಣಿ ಹಾಕಿದೆವು. ಗಡಿಗಿಗಳು ಬಾಯಿ ಮೇಲೆ ಮಾಡಿ ಕೂತಿದ್ದವು; ದನಿ ಮಾಳಿಗೆಯ ತೊಲೆಗಳಿಗೆ ಬಡಿದು ಇಳಿಯುತ್ತಿತ್ತು. ಮೊದಲು ತಂಬೂರಿ. ಟೂ-ಇನ್-ಒನ್ನಿನಲ್ಲಿ ಅದು ಬರೀ ಜುಯ್ ಅನ್ನುತ್ತಿತ್ತು. ಇಲ್ಲಿ ಕೆಳಗಿನ ತಂತಿಯನ್ನು ಮೀಟುವ ಬೆರಳೇ ಕೇಳಿಸಿತು. ಯಾರೂ ಮಾತಾಡಲಿಲ್ಲ. ಎರಡನೆಯ ಪದ ಶುರುವಾಗಿತ್ತೋ ಏನೋ, ಗಾಳಿ ಎದ್ದಿತು, ಕರೆಂಟು ಹೋಯಿತು.

ಸೋದರಮಾವ ಮಾತಾಡದೆ ಎದ್ದು ಹೋಗಿ ಜೀಪಿನ ಬ್ಯಾಟರಿ ಬಿಚ್ಚಿಕೊಂಡು ಬಂದರು. ಆಂಪ್ಲಿಫೈಯರಿಗೆ ಬೇಕಾದದ್ದು ಅದೇ 12 ವೋಲ್ಟು. ಟೂ-ಇನ್-ಒನ್ನಿಗೆ ಸೆಲ್ ಹಾಕಿದರು. ಹೊರಗೆ ಮಳೆ, ಒಳಗೆ ಕಂದೀಲು, ಓಣಿಯ ಜನವೆಲ್ಲ ಜಗಲಿಯ ಮೇಲೆ. ದಾಸವಾಣಿ ಆಯಿತು, ಸಾಹೇಬರಿಗಾಗಿ ರಫಿ ಆಯಿತು, ಅಜ್ಜಿಗೆ ಘಂಟಸಾಲ. ಅವ್ವ ಒಲೆ ಹಚ್ಚಿ ವಗ್ಗರಣಿ ಮಿರ್ಚಿ ಮಾಡಿದಳು. ಮಂಡಕ್ಕಿ ತೋಯಿಸುವ ಸದ್ದು, ಎಣ್ಣೆಯಲ್ಲಿ ಮಿರ್ಚಿ ಬೀಳುವ ಸದ್ದು ಎಲ್ಲ ಹಾಡಿನ ಜೊತೆ ಸೇರಿಹೋದವು. ಬೆಳಿಗ್ಗೆ ಜೀಪು ಸ್ಟಾರ್ಟ್ ಆಗಲಿಲ್ಲ. ಓಣಿಯ ಹುಡುಗರೆಲ್ಲ ಸೇರಿ ತಳ್ಳಿದೆವು.

ಆಮೇಲೆ ಬಂದವನ್ನು ಬೇಗ ಹೇಳಿ ಮುಗಿಸುತ್ತೇನೆ: ಸಿಡಿ ಪ್ಲೇಯರು, ಐದು ಸ್ಪೀಕರಿನ ಹೋಮ್ ಥಿಯೇಟರು, ಈಗ ಮಗ ಕೊಡಿಸಿದ ಕೈಯಗಲದ ಬ್ಲೂಟೂತ್ ಡಬ್ಬಿ. ಚಿಕ್ಕದಾದರೂ ಅದರ ದನಿ ಚೊಕ್ಕ, ಸುಳ್ಳು ಹೇಳಬಾರದು. ಆದರೆ ನನ್ನನ್ನು ಕೇಳಿದರೆ, ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ತಂಬೂರಿಯನ್ನು ತಂಬೂರಿಯ ಹಾಗೆ ನುಡಿಸಿದ್ದು ಆ ಗಡಿಗಿಗಳೇ. ಒಂದು ಗಡಿಗಿ ಸುಣ್ಣ ಹೊಡೆಯುವಾಗ ಒಡೆಯಿತು. ಬೇರೆ ತಂದು ಕೂರಿಸಿದೆವು, ದನಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಯಾವ ಸ್ಪೀಕರಿಗೆ ಈ ಅನುಕೂಲ ಉಂಟು?

ಮರ್ಫಿ ಇನ್ನೂ ಇದೆ, ಹಾಡುತ್ತದೆ. ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದ್ದರೆ ದಯವಿಟ್ಟು ಗುಜರಿಯವನಿಗೆ ಕೊಡಬೇಡಿ. ಆಸೆಯಿಂದ ನೇರವಾಗಿ ಪ್ಲಗ್ಗಿಗೂ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರುಗಳು ಒಣಗಿರುತ್ತವೆ, ಸುಟ್ಟುಹೋಗುತ್ತವೆ. ಹಿಂದಿನ ಮುಚ್ಚಳ ತೆಗೆದು ಕೈ ಹಾಕುವುದಂತೂ ಬೇಡ, ಕೆಲವು ಸೆಟ್ಟುಗಳಲ್ಲಿ ಒಳಗಿನ ತಗಡಿಗೇ ಕರೆಂಟು ಇರುತ್ತದೆ. ಹಳೆಯ ಮೇಸ್ತ್ರಿ ಯಾರಾದರೂ ಉಳಿದಿದ್ದರೆ ಹುಡುಕಿ, ತಂತಿಯ ಹಳೇ ಮಾದರಿಯ 60 ವ್ಯಾಟ್ ಬಲ್ಬು ಸೀರೀಸ್‌ನಲ್ಲಿ ಹಾಕಿ ನೋಡಲು ಹೇಳಿ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆ ಅಂತ ಅರ್ಥ. ಒಮ್ಮೆ ಬೆಳಗಿ ಮಂಕಾದರೆ ಸೆಟ್ಟಿನಲ್ಲಿ ಇನ್ನೂ ಜೀವ ಇದೆ.